ಖಳನಿಗೂ ಒಂದು ಕಪ್ ಕಾಫಿ: ಕಡಿಮೆ ಖರ್ಚಿನ ವೆಸ್ಟರ್ನ್ ಚಿತ್ರಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ.

1932ರಲ್ಲಿ ವಾರ್ನರ್ ಬ್ರದರ್ಸ್‌ನವರು ಜಾನ್ ವೇನ್ ಎಂಬ ಯುವ ನಟನನ್ನು ಒಂದು ಬಿಳಿ ಕುದುರೆಯ ಮೇಲೆ ಕೂರಿಸಿದರು. ಬಿಳಿಯೇ ಯಾಕೆ ಅಂದರೆ, ಕೆಲವು ವರ್ಷ ಹಿಂದೆ ಮೂಕಿ ಚಿತ್ರಗಳ ಕಾಲದಲ್ಲಿ ಕೆನ್ ಮೇನಾರ್ಡ್ ಎಂಬ ಸಾಹಸಿ ನಟ ಬಿಳಿ ಕುದುರೆಯ ಮೇಲೆ ಮಾಡಿದ್ದ ದೃಶ್ಯಗಳ ರೀಲುಗಳು ಅವರ ಬಳಿ ಸುಮ್ನೆ ಬಿದ್ದಿದ್ದವು. ಅವನ್ನೇ ಹೊಸ ಚಿತ್ರಕ್ಕೆ ಅಂಟಿಸಿದರೆ ಖರ್ಚು ಉಳಿಯುತ್ತದೆ. ಅದಕ್ಕೆ ವೇನ್‌ಗೆ ಮೇನಾರ್ಡ್ ಹಾಕುತ್ತಿದ್ದಂಥದೇ ಬಟ್ಟೆ ತೊಡಿಸಿದರು. ದೂರದಲ್ಲಿ ಕುದುರೆ ಓಡಿಸುವವರು ಮೇನಾರ್ಡ್, ಹತ್ತಿರ ಬಂದು ಇಳಿಯುವವರು ವೇನ್. ಹೀಗೆ ಆರು ಚಿತ್ರ ಮುಗಿಸಿಬಿಟ್ಟರು. ನೋಡುವವರಿಗೆ ಗೊತ್ತಾಗುತ್ತಿರಲಿಲ್ಲವೇ? ಕೆಲವರಿಗೆ ಗೊತ್ತಾಗಿರಲೇಬೇಕು. ಆದರೂ ನೋಡಿದರು.

ಇಷ್ಟು ಜಿಪುಣತನಕ್ಕೆ ಒಂದು ಲೆಕ್ಕಾಚಾರ ಇತ್ತು. 1930ರ ದಶಕ ಅಮೆರಿಕದಲ್ಲಿ ಕೆಲಸವಿಲ್ಲದ, ಕಾಸಿಲ್ಲದ ಕಾಲ. ಜನರನ್ನು ಥಿಯೇಟರಿಗೆ ಎಳೆಯಲು ಒಂದೇ ಟಿಕೆಟಿಗೆ ಎರಡು ಚಿತ್ರ ತೋರಿಸುವ ಪದ್ಧತಿ ಬಲವಾಯಿತು. ದೊಡ್ಡ ತಾರೆಯರ ಮುಖ್ಯ ಚಿತ್ರಕ್ಕೆ ಥಿಯೇಟರಿನವರು ಕಲೆಕ್ಷನ್‌ನಲ್ಲಿ ಪಾಲು ಕೊಡುತ್ತಿದ್ದರು. ಅದರ ಜೊತೆಗೆ ಬರುವ ಸಣ್ಣ ಚಿತ್ರಕ್ಕೆ, ಅಂದರೆ ಬಿ ಚಿತ್ರಕ್ಕೆ, ನಿಗದಿತ ಬಾಡಿಗೆ ಅಷ್ಟೇ. ಚಿತ್ರ ಚೆನ್ನಾಗಿದ್ದರೂ ಅದೇ ದುಡ್ಡು, ಕೆಟ್ಟದಾಗಿದ್ದರೂ ಅದೇ ದುಡ್ಡು. ಎಷ್ಟು ಬರುತ್ತದೆ ಅಂತ ಮೊದಲೇ ಗೊತ್ತಿದ್ದಾಗ ಲಾಭ ಮಾಡಲು ಇರುವ ದಾರಿ ಒಂದೇ, ಖರ್ಚು ಕಡಿಮೆ ಮಾಡುವುದು. ವೆಸ್ಟರ್ನ್‌ಗೆ, ಅಂದರೆ ಕೌಬಾಯ್ ಚಿತ್ರಕ್ಕೆ, ಸೆಟ್ ಬೇಡ, ಬೆಟ್ಟ ಬಯಲು ಸಾಕು. ದೀಪ ಬೇಡ, ಬಿಸಿಲು ಸಾಕು. ರಾತ್ರಿಯ ದೃಶ್ಯವನ್ನೂ ಹಗಲಿನಲ್ಲೇ ಚಿತ್ರಿಸಿ ಕತ್ತಲು ಮಾಡಿಬಿಡುತ್ತಿದ್ದರು. ಸವಾರರಿಗಂತೂ ಕೊರತೆಯೇ ಇರಲಿಲ್ಲ. ಹಾಲಿವುಡ್‌ನಲ್ಲಿ ಗೋವರ್ ಸ್ಟ್ರೀಟ್ ಮತ್ತು ಸನ್‌ಸೆಟ್ ಬುಲೆವಾರ್ಡ್ ಸೇರುವ ಮೂಲೆಯಲ್ಲಿ ಟೋಪಿ, ಬೂಟು ಹಾಕಿಕೊಂಡ ಜನ ಅವತ್ತಿನ ಕೂಲಿಗಾಗಿ ಕಾದು ನಿಂತಿರುತ್ತಿದ್ದರು. ಅವರಲ್ಲಿ ಕೆಲವರು ರ‍್ಯಾಂಚ್‌ಗಳಲ್ಲಿ ನಿಜವಾಗಿ ದನ ಕಾಯ್ದು ಬಂದವರೇ.

ವೇನ್ 1933ರಿಂದ 1935ರವರೆಗೆ ಮೊನೊಗ್ರಾಮ್ ಕಂಪನಿಗೆ ಲೋನ್ ಸ್ಟಾರ್ ಹೆಸರಿನಲ್ಲಿ 16 ಚಿತ್ರ ಮಾಡಿದರು. ಹೆಚ್ಚಿನವು ಒಂದು ಗಂಟೆಯೂ ಇಲ್ಲ. ಇವನ್ನು ಇವತ್ತು ನೋಡಿದರೆ ಒಂದು ವಿಚಿತ್ರ ಅನುಭವ ಆಗುತ್ತದೆ. ಹಿನ್ನೆಲೆ ಸಂಗೀತ ಬಹುತೇಕ ಇಲ್ಲವೇ ಇಲ್ಲ. ಗೊರಸಿನ ಸದ್ದು, ಬಾಗಿಲ ಕಿರುಗುಟ್ಟುವಿಕೆ, ಯಾರೋ ಕೆಮ್ಮಿದ್ದು, ಅಷ್ಟೇ. ವಾದ್ಯದವರಿಗೆ ಕೊಡಲು ದುಡ್ಡಿಲ್ಲದ್ದರಿಂದ ಹಾಗಾಯಿತು. ಆದರೆ ನಮ್ಮ ಕಿವಿಗೆ ಈಗ ಅದು ಯಾರೋ ಆ ಕಾಲಕ್ಕೇ ಹೋಗಿ ರೆಕಾರ್ಡ್ ಮಾಡಿಕೊಂಡು ಬಂದ ಹಾಗೆ ಕೇಳುತ್ತದೆ. ನಟನೆ ಕೆಟ್ಟದಾಗಿದ್ದರೂ ಗಾಳಿ ನಿಜವಾದ ಗಾಳಿ.

ಆ ಚಿತ್ರಗಳಲ್ಲಿ ಯಾಕಿಮಾ ಕನಟ್ ಎಂಬ ಸ್ಟಂಟ್ ಕಲಾವಿದರಿದ್ದಾರೆ. ಓಡುವ ಕುದುರೆಗಾಡಿಯ ಮುಂದೆ ಬಿದ್ದು, ಕುದುರೆಗಳ ಕಾಲುಗಳ ನಡುವೆ ಮಲಗಿ, ಗಾಡಿ ತನ್ನ ಮೇಲೆ ಹಾದು ಹೋಗಲು ಬಿಡುವ ಸಾಹಸ ಅವರದು. 1939ರಲ್ಲಿ ಸ್ಟೇಜ್‌ಕೋಚ್ ಚಿತ್ರದಲ್ಲಿ ಆ ಬೀಳುವ ಸಾಹಸ ಪ್ರಸಿದ್ಧವಾಯಿತು. ಇದೆಲ್ಲ ಹೇಳುವಾಗ ಇನ್ನೊಂದನ್ನೂ ಹೇಳಬೇಕು. ಕುದುರೆಯನ್ನು ಬೀಳಿಸಲು ಆಗ ಅದರ ಮುಂಗಾಲಿಗೆ ತಂತಿ ಕಟ್ಟಿ, ಓಡುತ್ತಿರುವಾಗಲೇ ಎಳೆದುಕೊಳ್ಳುವ ಹಾಗೆ ಮಾಡುತ್ತಿದ್ದರು. ಎಷ್ಟೋ ಕುದುರೆಗಳು ಕಾಲು ಮುರಿದುಕೊಂಡು ಸತ್ತವು. 1939ರ ಜೆಸ್ಸಿ ಜೇಮ್ಸ್ ಚಿತ್ರಕ್ಕಾಗಿ ಕುದುರೆಯೊಂದನ್ನು ಬಂಡೆಯ ಮೇಲಿಂದ ಬೀಳಿಸಿ ಕೊಂದ ಮೇಲೆ ಗಲಾಟೆ ಎದ್ದಿತು. ಅಮೆರಿಕನ್ ಹ್ಯೂಮೇನ್ ಅಸೋಸಿಯೇಷನ್ ಎಂಬ ಪ್ರಾಣಿದಯಾ ಸಂಸ್ಥೆ ಹಾಲಿವುಡ್ ಮೇಲೆ ಕಣ್ಣಿಡಲು ಶುರು ಮಾಡಿದ್ದು ಆಮೇಲೆ. ಹಳೆಯ ಚಿತ್ರದಲ್ಲಿ ಕುದುರೆ ಮುಗ್ಗರಿಸಿ ಬಿದ್ದಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ, ರೋಮಾಂಚನದಿಂದ ಅಲ್ಲ.

ಸರಿ. ಇಂಥ ಚಿತ್ರಗಳನ್ನು ಇವತ್ತಿಗೂ ಜನ ಹುಡುಕಿ ಹುಡುಕಿ ನೋಡುತ್ತಾರಲ್ಲ, ಯಾಕೆ?

ಅಮೆರಿಕದವರನ್ನು ಕೇಳಿದರೆ ಸುಲಭದ ಉತ್ತರ ಸಿಗುತ್ತದೆ. ಬಾಲ್ಯ. ಹಾಪಲಾಂಗ್ ಕ್ಯಾಸಿಡಿ ಎಂಬ ಕೌಬಾಯ್ ಪಾತ್ರ ಮಾಡುತ್ತಿದ್ದ ವಿಲಿಯಂ ಬಾಯ್ಡ್ ತಮ್ಮ ಹಳೆಯ ಚಿತ್ರಗಳ ಹಕ್ಕುಗಳನ್ನು ತಾವೇ ಕೊಂಡುಕೊಂಡು 1949ರಲ್ಲಿ ಟಿವಿಗೆ ತಂದರು. ಟಿವಿಯವರಿಗೆ ತೋರಿಸಲು ಸರಕಿರಲಿಲ್ಲ, ಇವರ ಬಳಿ ಇತ್ತು. ಮಕ್ಕಳು ಹುಚ್ಚೆದ್ದರು. ಕ್ಯಾಸಿಡಿ ಚಿತ್ರವಿರುವ ಊಟದ ಡಬ್ಬಿ, ಗಡಿಯಾರ, ಆಟದ ಪಿಸ್ತೂಲು ಎಲ್ಲ ಬಂತು. ಜೊತೆಗೆ, ಇಂಥ ಎಷ್ಟೋ ಚಿತ್ರಗಳ ಕಾಪಿರೈಟನ್ನು ಕಂಪನಿಗಳು ನವೀಕರಿಸಲಿಲ್ಲ. ಹಾಗಾಗಿ ಯಾರು ಬೇಕಾದರೂ ಪ್ರಿಂಟ್ ಮಾಡಿ ಮಾರಬಹುದಾಯಿತು. ವಿಡಿಯೊ ಕ್ಯಾಸೆಟ್ಟು, ಅಗ್ಗದ ಡಿವಿಡಿ, ಈಗ ಇಂಟರ್‌ನೆಟ್ಟು, ಎಲ್ಲ ಕಡೆ ಅವು ಪುಕ್ಕಟೆ ಸಿಗುತ್ತವೆ.

ಆದರೆ ಈ ಉತ್ತರ ನಮಗೆ ಒಗ್ಗುವುದಿಲ್ಲ. ಇಲ್ಲಿ ಕೂತಿರುವ ಯಾರೂ ಹಾಪಲಾಂಗ್ ಕ್ಯಾಸಿಡಿಯ ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಂಡು ಶಾಲೆಗೆ ಹೋದವರಲ್ಲ. ನಮಗೆ ಕೌಬಾಯ್ ಪರಿಚಯವಾದದ್ದೇ ಬೇರೆ ದಾರಿಯಲ್ಲಿ. ಇಟಲಿಯವರು 1964ರಿಂದ ಮಾಡಿದ ವೆಸ್ಟರ್ನ್‌ಗಳು, ಕ್ಲಿಂಟ್ ಈಸ್ಟ್‌ವುಡ್, ಅವುಗಳ ಗಾಳಿ ತಾಗಿದ ನಮ್ಮ ದೇಶದ ಚಿತ್ರಗಳು. 1975ರ ಶೋಲೆಗೆ ನಮ್ಮ ರಾಮನಗರದ ಬಂಡೆಗಳೇ ಬೇಕಾದವು. ಶೋಲೆ ಕಡಿಮೆ ಖರ್ಚಿನದ್ದೇನಲ್ಲ, ಆ ಕಾಲಕ್ಕೆ ಬಹಳ ದುಬಾರಿ ಚಿತ್ರ. ಅದು ಬೇರೆ ವಂಶ. ನಾನು ಹೇಳುತ್ತಿರುವ ಚಿತ್ರಗಳ ಬಗ್ಗೆ ನಮಗೆ ಯಾವ ಹಳೆಯ ನೆನಪೂ ಇಲ್ಲ. ಆದರೂ ನಮ್ಮಲ್ಲಿ ಕೆಲವರಿಗೆ ಅವು ಹಿಡಿಸುತ್ತವೆ ಅಂದರೆ, ಹಿಡಿಸುವಂಥದ್ದು ಚಿತ್ರದ ಒಳಗೇ ಏನೋ ಇರಬೇಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬಿ ವೆಸ್ಟರ್ನ್‌ಗಳಲ್ಲಿ ಬಹುಪಾಲು ನೋಡಲಾಗುವುದಿಲ್ಲ. ಕೈ ಖಾಲಿ ಇದ್ದ ಮಾತ್ರಕ್ಕೆ ಕಲೆ ಹುಟ್ಟುವುದಿಲ್ಲ. ಹಾಡುವ ಕೌಬಾಯ್‌ಗಳ ಚಿತ್ರಗಳನ್ನು ನಾನು ತಾಳ್ಮೆಯಿಂದ ನೋಡಲು ನೋಡಿದ್ದೇನೆ, ಎರಡನೇ ಹಾಡಿಗೆ ನಿದ್ದೆ ಬರುತ್ತದೆ. ಜೀನ್ ಆಟ್ರಿ, ರಾಯ್ ರೋಜರ್ಸ್ ಅಭಿಮಾನಿಗಳು ಕ್ಷಮಿಸಬೇಕು. ಆದರೆ ಆ ಕೊರತೆಯನ್ನೇ ಕೈಗೆ ತೆಗೆದುಕೊಂಡು ಏನೋ ಒಂದನ್ನು ಕಟ್ಟಿದವರು ಕೆಲವರಿದ್ದಾರೆ. ಅವರಲ್ಲಿ ನನಗೆ ಬಹಳ ಹತ್ತಿರದವರು ನಿರ್ದೇಶಕ ಬಡ್ ಬೆಟಿಕರ್. ಇನ್ನು ಮುಂದಿನ ಮಾತೆಲ್ಲ ಹೆಚ್ಚಾಗಿ ಅವರದ್ದೇ.

ಬೆಟಿಕರ್ ಹುಟ್ಟಿದ್ದು 1916ರಲ್ಲಿ, ಶಿಕಾಗೋದಲ್ಲಿ. ಯೌವನದಲ್ಲಿ ಮೆಕ್ಸಿಕೋಗೆ ಹೋಗಿ ಗೂಳಿ ಕಾಳಗ ಕಲಿತರು. ಹಾಲಿವುಡ್ ಬಾಗಿಲು ತೆರೆದದ್ದೂ ಅದರಿಂದಲೇ. 1941ರ ಬ್ಲಡ್ ಅಂಡ್ ಸ್ಯಾಂಡ್ ಚಿತ್ರಕ್ಕೆ ಗೂಳಿ ಕಾಳಗದ ಸಲಹೆಗಾರರಾಗಿ ಸೇರಿಕೊಂಡರು. ಆಮೇಲೆ ಸಣ್ಣ ಪುಟ್ಟ ಚಿತ್ರ ಮಾಡುತ್ತಾ ಬಂದರು. 1956ರಲ್ಲಿ ಜಾನ್ ವೇನ್ ಅವರ ಕಂಪನಿ ಬ್ಯಾಟ್‌ಜಾಕ್‌ಗಾಗಿ ಸೆವೆನ್ ಮೆನ್ ಫ್ರಂ ನೌ ಎಂಬ ಚಿತ್ರ ಮಾಡಿದರು. ಕತೆ ಬರೆದವರು ಬರ್ಟ್ ಕೆನಡಿ. ನಾಯಕನ ಪಾತ್ರಕ್ಕೆ ಬಂದವರು ರ‍್ಯಾಂಡಾಲ್ಫ್ ಸ್ಕಾಟ್. ಅವರು ಹುಟ್ಟಿದ್ದು 1898ರಲ್ಲಿ. ಅಂದರೆ ಆಗಲೇ ಅರವತ್ತರ ಹತ್ತಿರ. ಮುಖ ಒಣಗಿದ ಚಕ್ಕೆಯಂತಾಗಿತ್ತು. ಮಾತು ಕಡಿಮೆ, ಮುಖದಲ್ಲಿ ಭಾವನೆ ಇನ್ನೂ ಕಡಿಮೆ. ಮುಂದೆ ನಿರ್ಮಾಪಕ ಹ್ಯಾರಿ ಜೋ ಬ್ರೌನ್ ಜೊತೆ ಸೇರಿ ಕೊಲಂಬಿಯಾ ಕಂಪನಿಗಾಗಿ ಇದೇ ಜೋಡಿ ಇನ್ನೂ ಐದು ಚಿತ್ರ ಮಾಡಿತು. 1957ರಲ್ಲಿ ದಿ ಟಾಲ್ ಟಿ ಮತ್ತು ಡಿಸಿಷನ್ ಅಟ್ ಸನ್‌ಡೌನ್, 1958ರಲ್ಲಿ ಬುಕಾನನ್ ರೈಡ್ಸ್ ಅಲೋನ್, 1959ರಲ್ಲಿ ರೈಡ್ ಲೋನ್ಸಮ್, 1960ರಲ್ಲಿ ಕಮ್ಯಾಂಚಿ ಸ್ಟೇಷನ್. ನಡುವೆ ವೆಸ್ಟ್‌ಬೌಂಡ್ ಅಂತ ಒಂದು ಬೇರೆ ಕಂಪನಿಗೆ ಮಾಡಿದರು, ಅದನ್ನು ಮರೆತುಬಿಡಬಹುದು.

ಇವುಗಳನ್ನು ಮುಗಿಸಲು ಎರಡು ಮೂರು ವಾರ ಸಾಕಾಗುತ್ತಿತ್ತು. ಒಂದೊಂದೂ ಎಂಬತ್ತು ನಿಮಿಷದೊಳಗೆ ಅಥವಾ ಅದರ ಆಸುಪಾಸು. ಕೆನಡಿ ಬರೆದವುಗಳ ಕತೆಯೂ ಹೆಚ್ಚು ಕಡಿಮೆ ಒಂದೇ. ಒಬ್ಬ ಮನುಷ್ಯ. ಅವನ ಹೆಂಡತಿಯನ್ನು ಹಿಂದೆ ಯಾರೋ ಕೊಂದಿದ್ದಾರೆ ಅಥವಾ ಹೊತ್ತೊಯ್ದಿದ್ದಾರೆ. ದಾರಿಯಲ್ಲಿ ಅವನಿಗೆ ಒಬ್ಬಳು ಹೆಣ್ಣು, ಇಬ್ಬರು ಮೂವರು ಕೆಟ್ಟವರು ಜೊತೆಯಾಗುತ್ತಾರೆ. ಎಲ್ಲರೂ ಒಟ್ಟಿಗೇ ಪ್ರಯಾಣ ಮಾಡಬೇಕು. ಕೊನೆಗೆ ಇವರಲ್ಲಿ ಯಾರೋ ಯಾರನ್ನೋ ಕೊಲ್ಲಲೇಬೇಕು, ಅದು ಎಲ್ಲರಿಗೂ ಮೊದಲ ದಿನದಿಂದಲೇ ಗೊತ್ತು. ಅಲ್ಲಿಯವರೆಗೆ ಏನು ಮಾಡುತ್ತಾರೆ? ಕುದುರೆ ಮೇಲೆ ಹೋಗುತ್ತಾರೆ, ರಾತ್ರಿ ಬೆಂಕಿ ಹಾಕಿ ಕೂತು ಕಾಫಿ ಕುಡಿಯುತ್ತಾರೆ, ಮಾತಾಡುತ್ತಾರೆ.

ಈ ಕಾಫಿ ಬಗ್ಗೆ ಸ್ವಲ್ಪ ಹೇಳಬೇಕು. ಬೆಟಿಕರ್ ಚಿತ್ರಗಳಲ್ಲಿ ಜನ ಗುಂಡು ಹಾರಿಸುವುದಕ್ಕಿಂತ ಕಾಫಿ ಕುಡಿಯುವುದೇ ಜಾಸ್ತಿ. ಸೆವೆನ್ ಮೆನ್ ಫ್ರಂ ನೌ ಶುರುವಾಗುವುದೇ ಹಾಗೆ. ಮಳೆಯ ರಾತ್ರಿ. ಬಂಡೆಯ ಮರೆಯಲ್ಲಿ ಇಬ್ಬರು ಬೆಂಕಿ ಕಾಯಿಸುತ್ತಾ ಕೂತಿದ್ದಾರೆ. ಸ್ಕಾಟ್ ಕತ್ತಲಿನಿಂದ ನಡೆದು ಬರುತ್ತಾರೆ. ಕುದುರೆ ಇಲ್ಲ. ಬನ್ನಿ ಕೂತ್ಕೊಳ್ಳಿ ಅನ್ನುತ್ತಾರೆ, ಕಾಫಿ ಸಿಗುತ್ತದೆ. ಹಿಂದಿನ ಊರಿನಲ್ಲಿ ನಡೆದ ದರೋಡೆ, ಕೊಲೆಯ ಮಾತು ಬರುತ್ತದೆ. ಮಾಡಿದವರು ಸಿಕ್ಕರಾ ಅಂತ ಅವರಲ್ಲೊಬ್ಬ ಕೇಳುತ್ತಾನೆ. ಇಬ್ಬರು ಸಿಕ್ಕರು ಅನ್ನುತ್ತಾರೆ ಸ್ಕಾಟ್. ಆ ಇಬ್ಬರು ಯಾರು ಅಂತ ಅವರಿಗೂ ನಮಗೂ ಒಟ್ಟಿಗೇ ಹೊಳೆಯುತ್ತದೆ. ಕ್ಯಾಮೆರಾ ಹೊರಗೆ ಮಳೆಯಲ್ಲಿ ನಿಂತ ಕುದುರೆಗಳ ಕಡೆ ಹೋಗುತ್ತದೆ. ಗುಂಡಿನ ಸದ್ದು ಮಾತ್ರ ಕೇಳುತ್ತದೆ. ಎಷ್ಟು ಖರ್ಚಾಗಿರಬಹುದು ಈ ದೃಶ್ಯಕ್ಕೆ? ಮೂರು ಜನ, ಒಂದು ಬೆಂಕಿ, ಒಂದಿಷ್ಟು ನೀರು. ಆದರೆ ಅದನ್ನು ನೋಡಿದವರು ಸುಲಭಕ್ಕೆ ಮರೆಯುವುದಿಲ್ಲ.

ಫ್ರಾನ್ಸಿನ ವಿಮರ್ಶಕ ಆಂದ್ರೆ ಬಜಾನ್ 1957ರಲ್ಲೇ ಕಾಯೆ ದು ಸಿನೆಮಾ ಪತ್ರಿಕೆಯಲ್ಲಿ ಈ ಚಿತ್ರವನ್ನು ಮಾದರಿ ವೆಸ್ಟರ್ನ್ ಅಂತ ಹೊಗಳಿ ಬರೆದರು. ಅಮೆರಿಕದವರಿಗೆ ಅದರ ಬೆಲೆ ಗೊತ್ತಾಗಲು ಬಹಳ ಕಾಲ ಹಿಡಿಯಿತು. ದಶಕಗಳ ಕಾಲ ಆ ಚಿತ್ರ ನೋಡಲು ಸಿಗುತ್ತಲೇ ಇರಲಿಲ್ಲ. 2000ದಲ್ಲಿ ಕ್ಯಾಲಿಫೋರ್ನಿಯಾದ ಯುಸಿಎಲ್‌ಎ ವಿಶ್ವವಿದ್ಯಾಲಯದ ಚಿತ್ರ ಆರ್ಕೈವ್‌ನವರು ಅದನ್ನು ದುರಸ್ತಿ ಮಾಡಿ ಮತ್ತೆ ತೋರಿಸಿದರು.

ಈಗ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ದುಡ್ಡಿದ್ದರೆ ಖಳನ ಹಿಂದೆ ಐವತ್ತು ಜನ ಸವಾರರನ್ನು ಓಡಿಸಬಹುದು. ಊರು ಸುಡಬಹುದು, ರೈಲು ಉರುಳಿಸಬಹುದು. ದುಡ್ಡಿಲ್ಲದಿದ್ದರೆ ಖಳನನ್ನು ನಾಯಕನ ಎದುರಿಗೇ ಕೂರಿಸಿ ಮಾತಾಡಿಸಬೇಕು. ಮಾತಾಡಲು ಬಿಟ್ಟ ತಕ್ಷಣ ಅವನು ಬರೀ ಖಳನಾಗಿ ಉಳಿಯುವುದಿಲ್ಲ. ಅವನಿಗೂ ಒಂದು ಆಸೆ ಇರುತ್ತದೆ, ಒಂದು ತಮಾಷೆ ಇರುತ್ತದೆ, ಅವನಿಗೆ ಅಂತ ಒಂದು ನ್ಯಾಯ ಇರುತ್ತದೆ. ತಾಳಮದ್ದಲೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ವೇಷ ಇಲ್ಲ, ಕುಣಿತ ಇಲ್ಲ, ಕತೆ ಎಲ್ಲರಿಗೂ ಗೊತ್ತು. ಆದರೂ ಇವತ್ತು ಕೌರವನ ಅರ್ಥ ಯಾರು ಹೇಳುತ್ತಾರೆ ಅಂತ ಕೇಳಿಕೊಂಡು ಹೋಗುತ್ತೇವೆ. ಕೌರವ ಸೋಲುತ್ತಾನೆ ಅಂತ ಗೊತ್ತಿದ್ದೂ, ಅವನ ವಾದ ಗೆದ್ದುಬಿಡುತ್ತದೇನೋ ಅನ್ನಿಸುವ ಆ ಗಳಿಗೆಗಾಗಿ ಕಾಯುತ್ತೇವೆ. ಬೆಟಿಕರ್ ಚಿತ್ರಗಳಲ್ಲಿ ನಾನು ಕಾಯುವುದೂ ಅಂಥದೇ ಗಳಿಗೆಗೆ.

ದಿ ಟಾಲ್ ಟಿ ತೆಗೆದುಕೊಳ್ಳಿ. ಎಲ್ಮೋರ್ ಲೆನರ್ಡ್ ಅವರ ಒಂದು ಕತೆಯಿಂದ ಮಾಡಿದ ಚಿತ್ರ. ಮೊದಲ ಭಾಗ ಬಹುತೇಕ ಹಾಸ್ಯ. ಬ್ರೆನನ್ ಎಂಬ ಒಂಟಿ ರೈತ, ಅಂದರೆ ಸ್ಕಾಟ್, ಪೇಟೆಗೆ ಹೊರಟಿದ್ದಾನೆ. ದಾರಿಯ ಕುದುರೆಗಾಡಿ ನಿಲ್ದಾಣದಲ್ಲಿ ಒಬ್ಬ ಅಪ್ಪ, ಒಬ್ಬ ಪುಟ್ಟ ಮಗ. ಪೇಟೆಯಿಂದ ಬರುವಾಗ ಮಿಠಾಯಿ ತಂದುಕೊಡು ಅಂತ ಹುಡುಗ ಕಾಸು ಕೊಡುತ್ತಾನೆ. ಬ್ರೆನನ್ ಮಿಠಾಯಿ ಕೊಳ್ಳುತ್ತಾನೆ. ಆಮೇಲೆ ಹಳೆಯ ಯಜಮಾನನ ಜೊತೆ ಗೂಳಿ ಸವಾರಿಯ ಪಂದ್ಯ ಕಟ್ಟಿ ತನ್ನ ಕುದುರೆಯನ್ನೇ ಸೋಲುತ್ತಾನೆ. ಜೀನು ಹೊತ್ತುಕೊಂಡು ನಡೆಯುತ್ತಾನೆ. ಕೊನೆಗೆ ಒಂದು ಗಾಡಿ ಹತ್ತಿ ನಿಲ್ದಾಣಕ್ಕೆ ವಾಪಸ್ ಬರುತ್ತಾನೆ. ಅಲ್ಲಿ ಯಾರೂ ಎದುರು ಬರುವುದಿಲ್ಲ. ಬರುವವರು ಮೂವರು ಬಂದೂಕಿನವರು. ಅಪ್ಪ, ಮಗ ಎಲ್ಲಿ ಅಂದರೆ, ಬಾವಿಯಲ್ಲಿ. ಮಿಠಾಯಿ ಬ್ರೆನನ್ ಬಳಿಯೇ ಉಳಿಯುತ್ತದೆ. ಅರ್ಧ ಗಂಟೆ ನಮ್ಮನ್ನು ನಗಿಸಿದ ಚಿತ್ರ ಹೀಗೆ ಒಂದೇ ಏಟಿಗೆ ತಿರುಗಿಬಿಡುತ್ತದೆ. ಹೆಣ ತೋರಿಸುವುದಿಲ್ಲ, ರಕ್ತ ತೋರಿಸುವುದಿಲ್ಲ. ಬಾವಿ ಅಂದರೆ ಸಾಕು.

ಈ ಕೊಲೆಗಡುಕರ ನಾಯಕ ಫ್ರಾಂಕ್ ಅಷರ್. ರಿಚರ್ಡ್ ಬೂನ್ ಮಾಡಿದ್ದಾರೆ. ಇವನಿಗೆ ಬ್ರೆನನ್ ಮೇಲೆ ಒಂದು ಥರದ ಪ್ರೀತಿ. ತನ್ನ ಜೊತೆಗಿರುವ ಇಬ್ಬರು ಹುಡುಗರ ಹತ್ತಿರ ಮಾತಾಡಲು ಏನೂ ಇಲ್ಲ ಅಂತ ಅವನ ಕೊರಗು. ಅವರು ಹೆಣ್ಣು, ಹೆಂಡ ಬಿಟ್ಟು ಬೇರೆ ಮಾತಾಡುವುದಿಲ್ಲ. ತನಗೂ ಒಂದು ದಿನ ಸ್ವಂತ ಜಾಗ ಬೇಕು, ಒಂದಿಷ್ಟು ದನ ಬೇಕು ಅಂತ ಕೊಲ್ಲಬೇಕಾದ ಮನುಷ್ಯನ ಬಳಿಯೇ ಹೇಳಿಕೊಳ್ಳುತ್ತಾನೆ. ಬ್ರೆನನ್ ಗುಡಿಸಲಿನಿಂದ ಹೊರಗೆ ಬರುವಾಗ ತಗ್ಗಾದ ತೊಲೆಗೆ ತಲೆ ಬಡಿಸಿಕೊಳ್ಳುತ್ತಾನೆ. ಅಷರ್ ಬಿದ್ದು ಬಿದ್ದು ನಗುತ್ತಾನೆ. ಆ ನಗುವಿನಲ್ಲಿ ಕ್ರೌರ್ಯ ಇಲ್ಲ, ಅದೇ ತೊಂದರೆ. ಮಗುವನ್ನು ಬಾವಿಗೆ ಹಾಕಿಸಿದವನು ಇಷ್ಟು ಚೆನ್ನಾಗಿ ನಗಬಾರದಿತ್ತು ಅನ್ನಿಸುತ್ತದೆ.

ಅದೇ ಗಾಡಿಯಲ್ಲಿ ಬಂದು ಬ್ರೆನನ್ ಜೊತೆ ಒತ್ತೆಯಾಳಾಗಿರುವ ಡೊರೆಟ್ಟಾಳ ಗಂಡ ತನ್ನ ಜೀವ ಉಳಿಸಿಕೊಳ್ಳಲು ಹೆಂಡತಿಯನ್ನೇ ಅಡ ಇಟ್ಟು ಮಾವನಿಂದ ಹಣ ವಸೂಲಿ ಮಾಡುವ ಉಪಾಯ ಹೇಳಿಕೊಡುತ್ತಾನೆ. ನಿನ್ನ ಕೆಲಸ ಆಯಿತು, ನೀನು ಹೊರಡು ಅಂತ ಅಷರ್ ಹೇಳಿದಾಗ ಅವನು ಹೆಂಡತಿಯ ಕಡೆ ತಿರುಗಿಯೂ ನೋಡದೆ ಕುದುರೆ ಹತ್ತುತ್ತಾನೆ. ಅಷರ್‌ಗೆ ಅಸಹ್ಯವಾಗಿ ಅವನನ್ನು ಕೊಲ್ಲಿಸುತ್ತಾನೆ. ನಮಗೆ ಒಂದು ಕ್ಷಣ ಸಮಾಧಾನವೇ ಆಗುತ್ತದೆ! ಕೊಲೆಗಡುಕನ ಜೊತೆ ನಾವೂ ತಲೆಯಾಡಿಸಿಬಿಟ್ಟೆವಲ್ಲ ಅಂತ ಆಮೇಲೆ ಮುಜುಗರವಾಗುತ್ತದೆ.

ಕೊನೆಗೆ ಅಷರ್ ಒಬ್ಬನೇ ಉಳಿಯುತ್ತಾನೆ. ಬ್ರೆನನ್ ಬಂದೂಕು ಹಿಡಿದಿದ್ದಾನೆ. ಅಷರ್ ಬೆನ್ನು ತಿರುಗಿಸಿ ನಿಧಾನ ನಡೆದು ಹೋಗುತ್ತಾನೆ. ನೀನು ಬೆನ್ನಿಗೆ ಹೊಡೆಯುವವನಲ್ಲ ಅಂತ ಅವನಿಗೆ ಗೊತ್ತು. ಎರಡು ದಿನ ಜೊತೆಗಿದ್ದು ಅಷ್ಟು ಅರ್ಥ ಮಾಡಿಕೊಂಡಿದ್ದಾನೆ. ಕುದುರೆ ಹತ್ತಿ ಹೊರಟೂ ಹೋಗುತ್ತಾನೆ. ಆದರೆ ಸ್ವಲ್ಪ ದೂರ ಹೋದವನು ತಿರುಗಿ ಬರುತ್ತಾನೆ, ಸತ್ತೂ ಹೋಗುತ್ತಾನೆ. ಯಾಕೆ ಬಂದ? ಬದುಕಿ ಹೋಗಬಹುದಿತ್ತಲ್ಲ? ಚಿತ್ರ ಹೇಳುವುದಿಲ್ಲ. ಹೀಗೆ ಬಿಟ್ಟು ಕೊಡಲು ಅವನ ಅಹಂಕಾರ ಬಿಡಲಿಲ್ಲವೋ, ಅಥವಾ ಅವನಿಗೆ ಹೋಗಲು ಬೇರೆ ಜಾಗವೇ ಇರಲಿಲ್ಲವೋ. ನಾನು ನೋಡಿದಾಗಲೆಲ್ಲ ಬೇರೆ ಬೇರೆ ಉತ್ತರ ಹೊಳೆಯುತ್ತದೆ.

ಈ ಚಿತ್ರಗಳ ನೆಲದ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ, ಲಾಸ್ ಏಂಜಲೀಸ್‌ನಿಂದ ಉತ್ತರಕ್ಕೆ ಮುನ್ನೂರು ಕಿಲೋಮೀಟರಿಗೂ ಆಚೆ ಲೋನ್ ಪೈನ್ ಎಂಬ ಸಣ್ಣ ಊರಿದೆ. ಅದರ ಪಕ್ಕದಲ್ಲಿ ಅಲಬಾಮಾ ಹಿಲ್ಸ್. ಉರುಟಾದ, ಒಂದರ ಮೇಲೊಂದು ಪೇರಿಸಿದ ಕಂದು ಬಂಡೆಗಳು. ಹಿಂದೆ ಹಿಮ ಹೊದ್ದ ಸಿಯೆರಾ ನೆವಾಡಾ ಸಾಲು, ಅದರಲ್ಲಿ 4,421 ಮೀಟರ್ ಎತ್ತರದ ಮೌಂಟ್ ವಿಟ್ನಿ. 1920ರಿಂದ ಇಲ್ಲಿ ಚಿತ್ರ ಮಾಡುತ್ತಿದ್ದಾರೆ. ಕ್ಯಾಮೆರಾವನ್ನು ಸ್ವಲ್ಪ ತಿರುಗಿಸಿದರೆ ಬೇರೆಯೇ ಊರು ಬಂದಂತೆ ಕಾಣುತ್ತದೆ. ತಮಾಷೆ ಅಂದರೆ, 1939ರ ಗಂಗಾ ದೀನ್ ಚಿತ್ರದಲ್ಲಿ ಬ್ರಿಟಿಷ್ ಇಂಡಿಯಾದ ವಾಯವ್ಯ ಗಡಿ ಅಂತ ತೋರಿಸಿದ್ದೂ ಇದೇ ಬಂಡೆಗಳನ್ನು. ಹಾಲಿವುಡ್‌ಗೆ ನಮ್ಮ ದೇಶ, ಅವರ ಕೌಬಾಯ್ ಸೀಮೆ ಎರಡೂ ಒಂದೇ ಬಾಡಿಗೆಗೆ ಸಿಕ್ಕವು. ಈಗ ಆ ಊರಿನಲ್ಲಿ ವೆಸ್ಟರ್ನ್ ಚಿತ್ರಗಳ ಮ್ಯೂಸಿಯಂ ಇದೆ. 1990ರಿಂದ ಅಲ್ಲಿ ಚಿತ್ರೋತ್ಸವ ನಡೆಯುತ್ತಿದೆ. ಜನ ಹಳೆಯ ಸ್ಟಿಲ್ ಹಿಡಿದುಕೊಂಡು ಇದು ಯಾವ ಬಂಡೆ ಅಂತ ಹುಡುಕುತ್ತಾ ಓಡಾಡುತ್ತಾರೆ.

ಬೆಟಿಕರ್‌ಗೆ ಈ ಬಂಡೆಗಳು ಬರೀ ಹಿನ್ನೆಲೆಯಲ್ಲ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋದವರಿಗೆ ಅದರ ಎಲ್ಲ ಸಂದಿಗಳೂ ಗೊತ್ತಾಗುತ್ತವೆ. ಎಲ್ಲಿ ನಿಂತರೆ ಮನುಷ್ಯ ಪುಟ್ಟದಾಗಿ ಕಾಣುತ್ತಾನೆ, ಎಲ್ಲಿ ಬಂಡೆಯ ಹಿಂದಿನಿಂದ ಸವಾರ ತಟ್ಟನೆ ಬರುತ್ತಾನೆ, ಎಲ್ಲ. ಕ್ಯಾಮೆರಾಮನ್ ಚಾರ್ಲ್ಸ್ ಲಾಟನ್ ಜೂನಿಯರ್ ಜೊತೆ ಮಾಡಿದ ಕೊನೆಯ ಎರಡು ಚಿತ್ರಗಳು ಸಿನೆಮಾಸ್ಕೋಪ್‌ನಲ್ಲಿವೆ. ಆ ಅಗಲದ ಪರದೆಯಲ್ಲಿ ನಾಲ್ಕೈದು ಸವಾರರು ಅಡ್ಡಸಾಲಾಗಿ ಮಾತಾಡುತ್ತಾ ಬರುವ ಉದ್ದುದ್ದ ಶಾಟ್‌ಗಳಿವೆ. ಹಾಗೆ ಒಂದೇ ಶಾಟ್‌ನಲ್ಲಿ ತೆಗೆದರೆ ಸಮಯ ಉಳಿಯುತ್ತದೆ, ಖರ್ಚು ಉಳಿಯುತ್ತದೆ. ಆದರೆ ಯಾರು ಯಾರ ಮುಖ ನೋಡುತ್ತಿದ್ದಾರೆ, ಯಾರು ಯಾರ ಬಂದೂಕು ನೋಡುತ್ತಿದ್ದಾರೆ ಅಂತ ನಮಗೆ ಎಲ್ಲವೂ ಒಟ್ಟಿಗೇ ಕಾಣುತ್ತದೆ. ಕತ್ತರಿಸಿ ಕತ್ತರಿಸಿ ತೋರಿಸಿದರೆ ಆ ಬಿಗಿ ಬರುವುದಿಲ್ಲ.

ಇನ್ನು ಈ ಚಿತ್ರಗಳ ಜೊತೆ ನನಗಿರುವ ಜಗಳ. ಮೂಲನಿವಾಸಿಗಳಿಗೆ ಇಲ್ಲಿ ಮುಖವೇ ಇಲ್ಲ. ಖಳನಿಗೆ ಇಷ್ಟು ಮಾತು ಕೊಟ್ಟ ಬೆಟಿಕರ್ ಮತ್ತು ಕೆನಡಿ, ಕಮ್ಯಾಂಚಿಗಳಿಗೆ, ಅಪಾಚಿಗಳಿಗೆ ಅಂಥ ಒಂದು ಸಂಜೆಯ ಮಾತನ್ನೂ ಕೊಡಲಿಲ್ಲ. ಅವರು ಬೆಟ್ಟದ ಅಂಚಿನಲ್ಲಿ ಕಾಣುತ್ತಾರೆ, ಬಾಣ ಬಿಡುತ್ತಾರೆ, ಸಾಯುತ್ತಾರೆ. ಅದಕ್ಕೆ ಬಜೆಟ್ ಕಾರಣ ಅಂತ ಹೇಳಲಾಗುವುದಿಲ್ಲ, ಬೆಂಕಿಯ ಪಕ್ಕ ಇನ್ನೊಬ್ಬನನ್ನು ಕೂರಿಸಲು ಎಷ್ಟು ಖರ್ಚು? ಹೆಂಗಸರ ಕತೆಯೂ ಅಷ್ಟೇ. ನಾಯಕಿ ನಾಯಕನಲ್ಲಿ ಏನು ಹುಟ್ಟಿಸುತ್ತಾಳೆ ಅನ್ನುವುದೇ ಮುಖ್ಯ, ತನ್ನಷ್ಟಕ್ಕೆ ಅವಳಿಗೆ ಮಹತ್ವವಿಲ್ಲ ಎಂಬರ್ಥದ ಮಾತನ್ನು ಬೆಟಿಕರ್ ಅವರೇ ಆಡಿದ್ದರು. ಸಿನೆಮಾ ವಿಮರ್ಶಕಿ ಲಾರಾ ಮಲ್ವಿ 1975ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಅದನ್ನೇ ಎತ್ತಿ ತೋರಿಸಿದರು. ನ್ಯಾಯವಾಗಿಯೇ ತೋರಿಸಿದರು. ಆದರೂ ದಿ ಟಾಲ್ ಟಿ ಚಿತ್ರದ ಡೊರೆಟ್ಟಾ, ಅಂದರೆ ಮೌರೀನ್ ಒಸಲಿವನ್, ಆ ಮಾತಿಗೆ ಪೂರ್ತಿ ಸಿಗುವುದಿಲ್ಲ. ತನ್ನನ್ನು ಯಾರೂ ಪ್ರೀತಿಸಿ ಮದುವೆಯಾಗಲಿಲ್ಲ ಅಂತ ಗೊತ್ತಿದ್ದೂ ಮದುವೆಯಾದ ಹೆಣ್ಣು ಆಕೆ. ಒಂಟಿಯಾಗಿರುವುದಕ್ಕೆ ಹೆದರಿ ಅಂತ ಅವಳೇ ಹೇಳುತ್ತಾಳೆ. ಕೆಲವೊಮ್ಮೆ ಚಿತ್ರ ತನ್ನ ನಿರ್ದೇಶಕನಿಗಿಂತ ಜಾಣವಾಗಿರುತ್ತದೆ.

ಕಪ್ಪು ಜನರ ವಿಷಯವೂ ಇದೆ. ನಿಜವಾದ ಕೌಬಾಯ್‌ಗಳಲ್ಲಿ ಕಪ್ಪು ಜನ, ಮೆಕ್ಸಿಕೋದವರು ಬೇಕಾದಷ್ಟಿದ್ದರು. ತೆರೆಯ ಮೇಲೆ ಎಲ್ಲರೂ ಬಿಳಿಯರೇ. ಆದರೆ ಅಗ್ಗದ ಚಿತ್ರದ ಲೋಕದಲ್ಲೇ ಅದಕ್ಕೊಂದು ಉತ್ತರವೂ ಬಂತು. 1937ರಲ್ಲಿ ಹಾರ್ಲೆಂ ಆನ್ ದಿ ಪ್ರೇರಿ ಎಂಬ, ಪೂರ್ತಿ ಕಪ್ಪು ಕಲಾವಿದರ ವೆಸ್ಟರ್ನ್ ಬಂತು. ಹಾಡುಗಾರ ಹರ್ಬ್ ಜೆಫ್ರೀಸ್ ನಾಯಕ. ಎರಡು ವರ್ಷ ಬಿಟ್ಟು ದಿ ಬ್ರಾಂಜ್ ಬಕರೂ ಬಂತು. ದೊಡ್ಡ ಸ್ಟುಡಿಯೊಗಳು ಆ ಕಾಲದಲ್ಲಿ ಯೋಚಿಸಲೂ ಹೋಗದ ಕೆಲಸ ಅದು. ಇವರೂ ಹಾಡುವ ಕೌಬಾಯ್‌ಗಳೇ, ಆದರೆ ಇಲ್ಲಿ ನನಗೆ ನಿದ್ದೆ ಬರುವುದಿಲ್ಲ.

ಈ ಇಡೀ ವ್ಯವಹಾರ ಮುಳುಗಿದ್ದು ಬೇಗ. 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ದೊಡ್ಡ ಸ್ಟುಡಿಯೊಗಳ ಏಕಸ್ವಾಮ್ಯದ ವಿರುದ್ಧ ತೀರ್ಪು ಕೊಟ್ಟಿತು. ಸ್ಟುಡಿಯೊಗಳು ತಮ್ಮ ಥಿಯೇಟರುಗಳನ್ನು ಬಿಡಬೇಕಾಯಿತು, ದೊಡ್ಡ ಚಿತ್ರದ ಜೊತೆ ಸಣ್ಣದನ್ನು ಕಟ್ಟಿ ತಲೆಗೆ ಹಾಕುವುದು ನಿಂತಿತು. ಅದರ ಮೇಲೆ ಟಿವಿ. 1959ರ ಹೊತ್ತಿಗೆ ಅಮೆರಿಕದ ಟಿವಿಯಲ್ಲಿ ಸಂಜೆ ಹೊತ್ತಿಗೆ ಬರುವ ವೆಸ್ಟರ್ನ್ ಧಾರಾವಾಹಿಗಳೇ ಇಪ್ಪತ್ತಕ್ಕೂ ಹೆಚ್ಚಿದ್ದವು. ಮನೆಯಲ್ಲಿ ಪುಕ್ಕಟೆ ಸಿಗುವಾಗ ಥಿಯೇಟರಿಗೆ ಯಾರು ಹೋಗುತ್ತಾರೆ?

ಬೆಟಿಕರ್ 1960ರಲ್ಲಿ ಮೆಕ್ಸಿಕೋಗೆ ಹೋದರು. ಗೂಳಿ ಕಾಳಗದ ಮಹಾಕಲಾವಿದ ಕಾರ್ಲೋಸ್ ಅರೂಸಾ ಬಗ್ಗೆ ಸಾಕ್ಷ್ಯಚಿತ್ರ ಮಾಡುವ ಹುಚ್ಚು. ವರ್ಷಗಟ್ಟಲೆ ಅಲ್ಲೇ ಸಿಕ್ಕಿಹಾಕಿಕೊಂಡರು. ಹಣ ಹೋಯಿತು, ಮದುವೆ ಮುರಿಯಿತು, ಜೈಲಿಗೂ ಹೋಗಿ ಬಂದರು. 1966ರಲ್ಲಿ ಅರೂಸಾ ಕಾರು ಅಪಘಾತದಲ್ಲಿ ತೀರಿಕೊಂಡರು. ಎರಡು ವಾರದಲ್ಲಿ ಚಿತ್ರ ಮುಗಿಸುತ್ತಿದ್ದ ಮನುಷ್ಯನ ಆ ಒಂದು ಚಿತ್ರ ತೆರೆಗೆ ಬಂದದ್ದು 1972ರಲ್ಲಿ. ಸ್ಕಾಟ್ 1962ರಲ್ಲಿ ಸ್ಯಾಮ್ ಪೆಕಿನ್‌ಪಾ ಅವರ ರೈಡ್ ದಿ ಹೈ ಕಂಟ್ರಿ ಮಾಡಿ ನಟನೆಗೆ ಕೈಮುಗಿದರು. ಆ ಕಾಲದಲ್ಲೇ ಹೊಸ ಹುಡುಗರು ಅದೇ ದಾರಿ ಹಿಡಿದರು. ಮಾಂಟಿ ಹೆಲ್‌ಮನ್ 1965ರಲ್ಲಿ ಯೂಟಾದ ಮರುಭೂಮಿಗೆ ಒಂದು ಸಣ್ಣ ತಂಡ ಕರೆದುಕೊಂಡು ಹೋಗಿ ಒಂದರ ಹಿಂದೆ ಒಂದು ಎರಡು ವೆಸ್ಟರ್ನ್ ಮಾಡಿಕೊಂಡು ಬಂದರು. ಎರಡರಲ್ಲೂ ಇನ್ನೂ ಹೆಸರು ಮಾಡಿರದ ಜಾಕ್ ನಿಕಲ್ಸನ್ ಇದ್ದಾರೆ. ಅವು ಬೇರೆಯೇ ಒಂದು ಸಂಜೆಗೆ ಆಗುವಷ್ಟಿವೆ.

ಇವತ್ತು ನೋಡಲಿರುವುದು ರೈಡ್ ಲೋನ್ಸಮ್, 73 ನಿಮಿಷ. ಕತೆಯ ಶುರು ಮಾತ್ರ ಹೇಳುತ್ತೇನೆ. ಬ್ರಿಗೇಡ್ ಎಂಬವನು ಒಬ್ಬ ಕೊಲೆಗಾರ ಹುಡುಗನನ್ನು ಹಿಡಿದು ಊರಿಗೆ ಕರೆದೊಯ್ಯುತ್ತಿದ್ದಾನೆ. ಆದರೆ ಯಾಕೋ ಅವಸರ ಮಾಡುತ್ತಿಲ್ಲ. ಹುಡುಗನ ಅಣ್ಣ ಹಿಂದೆ ಬರುತ್ತಿದ್ದಾನೆ ಅಂತ ಗೊತ್ತಿದ್ದೂ ಬಯಲಿನಲ್ಲೇ ಹೋಗುತ್ತಾನೆ. ದಾರಿಯಲ್ಲಿ ಬೂನ್, ವಿಟ್ ಎಂಬ ಇಬ್ಬರು ಹಳೆಯ ಕಳ್ಳರು ಸೇರಿಕೊಳ್ಳುತ್ತಾರೆ. ಆ ಹುಡುಗನನ್ನು ತಾವೇ ಒಪ್ಪಿಸಿದರೆ ಅವರ ಹಳೆಯ ತಪ್ಪುಗಳಿಗೆಲ್ಲ ಮಾಫಿ ಸಿಗುತ್ತದೆ. ಹಾಗಾಗಿ ಬ್ರಿಗೇಡ್‌ನನ್ನು ಕೊಲ್ಲಬೇಕು. ಕೊಲ್ಲಲು ಮನಸ್ಸಿಲ್ಲ. ಅಣ್ಣನ ಪಾತ್ರದಲ್ಲಿ ಲೀ ವಾನ್ ಕ್ಲೀಫ್ ಇದ್ದಾರೆ, ಮುಂದೆ ಇಟಲಿ ಚಿತ್ರಗಳಲ್ಲಿ ನೀವು ನೋಡಿದ ಅದೇ ಮುಖ. ವಿಟ್ ಮಾಡಿರುವವರು ಜೇಮ್ಸ್ ಕೋಬರ್ನ್, ಅವರ ಮೊದಲ ಚಿತ್ರ ಇದು. ನಡುವೆ ಒಂದು ಕಡೆ ಬೂನ್ ಅವನಿಗೆ ಮುಂದೆ ಮಾಡುವ ರ‍್ಯಾಂಚ್‌ನಲ್ಲಿ ನೀನು ನನ್ನ ಪಾಲುದಾರ ಅನ್ನುತ್ತಾನೆ. ಯಾಕೆ ಅಂತ ವಿಟ್ ಕೇಳುತ್ತಾನೆ. ನೀನಂದ್ರೆ ನಂಗಿಷ್ಟ ಅದಕ್ಕೆ ಅನ್ನುತ್ತಾನೆ ಬೂನ್. ಆಗ ವಿಟ್‌ನ ಮುಖ ನೋಡಿ.

ಲೈಟ್ ಆರಿಸಬಹುದು. ಜಗಳ, ಪ್ರಶ್ನೆ ಎಲ್ಲ ಚಿತ್ರ ಮುಗಿದ ಮೇಲೆ ಹೊರಗೆ ಕಾಫಿ ಜೊತೆ ಇಟ್ಟುಕೊಳ್ಳೋಣ.